ಹನ್ನೆರಡರಲ್ಲೊಂದು: ಪ್ಯಾನ್ ಕಾರನ್ನು ಆರಿಸಿ ಹದಗೊಳಿಸುವ ಬಗೆ

ಇಂಗ್ಲೆಂಡಿನ ಊರುಗಳಲ್ಲಿ ಚಳಿಗಾಲದ ಸಂಜೆ ಯಾವುದಾದರೂ ಶಾಲೆಯ ವ್ಯಾಯಾಮಶಾಲೆಗೋ ಸಮುದಾಯ ಭವನಕ್ಕೋ ಹೋದರೆ, ಹತ್ತಾರು ಜನ ಸೇರಿ ಕಾರ್ಪೆಟ್ ಸುರುಳಿಗಳನ್ನು ಹಾಸಿ, ಅಂಚುಗಳಿಗೆ ಟೇಪು ಅಂಟಿಸಿ, ಓಟದ ಹಾದಿಯನ್ನು ಸಿದ್ಧಪಡಿಸುತ್ತಿರುವುದನ್ನು ಕಾಣಬಹುದು. ಅರ್ಧ ಗಂಟೆಯ ನಂತರ ಅದೇ ಕಾರ್ಪೆಟ್ ಮೇಲೆ, ಒಂದು ಗೇಣಿಗಿಂತ ಕಡಿಮೆ ಅಗಲದ, ಮುಕ್ಕಾಲು ಕಿಲೋ ಕೂಡ ತೂಗದ ಕಾರುಗಳು ಕಣ್ಣಿಗೆ ಸರಿಯಾಗಿ ನಿಲುಕದ ವೇಗದಲ್ಲಿ ತಿರುವುಗಳನ್ನು ದಾಟುತ್ತಿರುತ್ತವೆ. ಇವು ನಿಜವಾದ ಕಾರಿನ 1/12 ಅಳತೆಯ ಪ್ಯಾನ್ ಕಾರುಗಳು. ರೇಡಿಯೋ ನಿಯಂತ್ರಿತ ಕಾರುಗಳಲ್ಲಿ ಇವುಗಳಷ್ಟು ಸರಳ ರಚನೆಯವು ಬೇರೆ ಇಲ್ಲ. ಹದ ತಪ್ಪಿದರೆ ಇವುಗಳಷ್ಟು ಕಾಡುವುವೂ ಬೇರೆ ಇಲ್ಲ. ಈ ಎರಡು ಮಾತುಗಳಿಗೂ ಕಾರಣ ಒಂದೇ. ಅದನ್ನು ಅರಿತುಕೊಂಡರೆ ಯಾವ ಕಾರು ಕೊಳ್ಳಬೇಕು, ಕೊಂಡ ಮೇಲೆ ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂಬ ಗೊಂದಲದ ಹೆಚ್ಚಿನ ಪಾಲು ತಾನಾಗಿಯೇ ಕರಗುತ್ತದೆ.

ಪಾಲಿಕಾರ್ಬೊನೇಟಿನ ತೆಳು ಮೇಲ್ಕವಚವನ್ನು ಎತ್ತಿ ಬದಿಗಿಟ್ಟರೆ ಒಳಗೆ ಕಾಣುವುದು ಒಂದು ಚಪ್ಪಟೆ ಹಾಳೆ, ದೋಸೆ ಹೆಂಚಿನಂತೆ ಮಟ್ಟಸವಾದದ್ದು. ಪ್ಯಾನ್ ಎಂಬ ಹೆಸರು ಈ ಹಾಳೆಗೆ ಸಲ್ಲುವಂಥದ್ದು. ಹಿಂದೆ ಫೈಬರ್‌ಗ್ಲಾಸಿನಲ್ಲಿ ಮಾಡುತ್ತಿದ್ದ ಇದನ್ನು ಈಗ ಹೆಚ್ಚಾಗಿ ಕಾರ್ಬನ್ ಫೈಬರಿನಲ್ಲಿ ಮಾಡುತ್ತಾರೆ. ಹಾಳೆಯ ಮುಂದುಗಡೆ ಎರಡು ಚಕ್ರಗಳು, ನಡುವೆ ಬ್ಯಾಟರಿ, ಮುಂಚಕ್ರಗಳನ್ನು ತಿರುಗಿಸುವ ಸರ್ವೋ ಮತ್ತು ವೇಗ ನಿಯಂತ್ರಕ. ಹಿಂದುಗಡೆ ಪಾಡ್ ಎಂದು ಕರೆಯುವ ಪ್ರತ್ಯೇಕವಾದ ಒಂದು ಚಿಕ್ಕ ಚೌಕಟ್ಟು. ಮೋಟಾರು ಮತ್ತು ಹಿಂಬದಿಯ ಅಚ್ಚು ಎರಡೂ ಈ ಪಾಡಿನಲ್ಲಿಯೇ ಕುಳಿತಿರುತ್ತವೆ. ಮೋಟಾರಿನ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ನೇರವಾಗಿ ಅಚ್ಚಿನ ಮೇಲಿನ ಸ್ಪರ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ನಡುವೆ ಗೇರ್‌ಪೆಟ್ಟಿಗೆ ಇಲ್ಲ, ಬೆಲ್ಟ್ ಇಲ್ಲ, ಪ್ರತಿ ಚಕ್ರಕ್ಕೂ ಬೇರೆ ಬೇರೆ ತೂಗು (ಸಸ್ಪೆನ್ಷನ್) ಇಲ್ಲ. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿನಲ್ಲಿದ್ದು, ಇಡೀ ಪಾಡ್ ಒಂದು ಗೋಲಾಕಾರದ ಕೀಲಿನ ಸುತ್ತ ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ವಾಲುತ್ತದೆ. ಮುಂದಿನ ಚಕ್ರಗಳಿಗೆ ಇರುವ ತೂಗಾಟವೂ ಕಿಂಗ್‌ಪಿನ್ ಎಂಬ ಸಣ್ಣ ಕಡ್ಡಿಯ ಮೇಲೆ ಸುರುಳಿ ಸ್ಪ್ರಿಂಗು ಬಿಟ್ಟುಕೊಡುವ ಒಂದೆರಡು ಮಿಲಿಮೀಟರು ಮಾತ್ರ.

ತೂಗಾಟ ಇಷ್ಟು ಕಡಿಮೆ ಇರುವ ಕಾರಿನಲ್ಲಿ ನೆಲದೊಂದಿಗೆ ವ್ಯವಹರಿಸುವ ಕೆಲಸವನ್ನೆಲ್ಲ ಹೊರುವುದು ಟೈರು. ಟೈರಿನ ತಪ್ಪನ್ನು ಸ್ಪ್ರಿಂಗು ಮುಚ್ಚಿಹಾಕುವುದಿಲ್ಲ. ಚಾಸಿಸ್ಸಿನ ಅರ್ಧ ಮಿಲಿಮೀಟರಿನ ತಿರುಚನ್ನು, ಅಲುಗಾಟ ತಗ್ಗಿಸುವ ಡ್ಯಾಂಪರು ನುಂಗುವುದಿಲ್ಲ. ಆದ್ದರಿಂದ ಪ್ಯಾನ್ ಕಾರನ್ನು ಹದಗೊಳಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಟೈರು, ಆಮೇಲೆ ಎಡಬಲದ ಸಮತೋಲ, ಆಮೇಲೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ), ಕೊನೆಗೆ ಸ್ಪ್ರಿಂಗು ಮತ್ತು ಡ್ಯಾಂಪರಿನ ಎಣ್ಣೆ. ಹೊಸಬರಲ್ಲಿ ಬಹುಪಾಲು ಜನ ಈ ಸಾಲನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಸ್ಪ್ರಿಂಗುಗಳ ಪೊಟ್ಟಣಗಳು ಬಣ್ಣಬಣ್ಣದವು, ಬದಲಿಸುವುದೂ ಸುಲಭ, ಹೀಗಾಗಿ ಕೈ ಅಲ್ಲಿಗೇ ಹೋಗುತ್ತದೆ.

ಕಾರು ಕೊಳ್ಳುವ ಮಾತಿಗೆ ಬರುವ ಮೊದಲು ಇತಿಹಾಸದ ಎರಡು ಮಾತು. 1/12 ವಿದ್ಯುತ್ ಕಾರುಗಳ ಓಟ ಅಮೆರಿಕದಲ್ಲಿ 1970ರ ದಶಕದ ಕೊನೆಯ ಭಾಗದಲ್ಲಿ ಬೇರೂರಿತು. ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ12ಇ ಆ ಕಾಲದ ಹೆಸರಾಂತ ಕಾರು. ಎಂಜಿನ್ ಕಾರುಗಳ ಹೊಗೆ ಮತ್ತು ಸದ್ದು ಇಲ್ಲದಿದ್ದುದರಿಂದ ಚಳಿಗಾಲದಲ್ಲಿ ಛಾವಣಿಯ ಕೆಳಗೆ ಓಡಿಸಲು ಇವು ಹೇಳಿ ಮಾಡಿಸಿದಂತಿದ್ದವು. 1982ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ರೇಡಿಯೋ ಕಾರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಇಫ್ಮಾರ್‌ನ ಮೊದಲ 1/12 ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಬ್ರಿಟನ್ನಿನಲ್ಲಿ, ಕಾಸ್‌ವರ್ತ್ ಎಂಜಿನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಸೆಸಿಲ್ ಶೂಮಾಕರ್ ಇವುಗಳಿಗೆಂದೇ ಗುಂಡುಗಳ ಡಿಫರೆನ್ಷಿಯಲ್ ರೂಪಿಸಿದರು, ಅದರ ಮೇಲೆಯೇ 1980ರ ಸುಮಾರಿಗೆ ಅವರ ಹೆಸರಿನ ಕಂಪನಿ ನಿಂತಿತು. ಬ್ಯಾಟರಿ, ಮೋಟಾರು, ರೇಡಿಯೋ ಎಲ್ಲವೂ ಅಂದಿನಿಂದ ಗುರುತು ಸಿಗದಷ್ಟು ಬದಲಾಗಿವೆ. ಆದರೆ ಚಪ್ಪಟೆ ಹಾಳೆ, ಗಟ್ಟಿ ಅಚ್ಚು, ಫೋಮ್ ಟೈರು ಎಂಬ ಮೂಲ ರಚನೆ ಹಾಗೆಯೇ ಉಳಿದಿದೆ.

ಆಯ್ಕೆಯಲ್ಲಿ ಮೊದಲ ಪ್ರಶ್ನೆ ಯಾವ ಕಾರು ಎಂಬುದಲ್ಲ, ನಿಮಗೆ ತಲುಪುವ ದೂರದ ಕ್ಲಬ್ಬಿನಲ್ಲಿ ಯಾವ ವರ್ಗ ಓಡುತ್ತದೆ ಎಂಬುದು. ಪ್ಯಾನ್ ಕಾರುಗಳಲ್ಲೇ ಹಲವು ಬಗೆ. ಕಡುಚಪ್ಪಟೆಯಾದ, ಲ ಮಾನ್ಸ್ ಓಟದ ಕಾರಿನಂತೆ ಕಾಣುವ ಕವಚ ತೊಟ್ಟ 1/12 ಒಂದು. ಸಾಮಾನ್ಯ ರಸ್ತೆ ಕಾರಿನ ಛಾಯೆಯ ಕವಚ ತೊಟ್ಟು ಬ್ರಿಟನ್ನಿನಲ್ಲಿ ಓಡುವ ಜಿಟಿ12 ಇನ್ನೊಂದು; ಲೆಸ್ಟರಿನ ಮಾರ್ಡೇವ್ ಕಂಪನಿಯ ಅಗ್ಗದ, ಗಟ್ಟಿಮುಟ್ಟಾದ ಕಾರುಗಳ ಪರಂಪರೆಯಿಂದ ಬಂದ ವರ್ಗ ಅದು. ಇನ್ನೂ ದೊಡ್ಡದಾದ 1/10 ಪ್ಯಾನ್ ಕಾರು, ಚಕ್ರಗಳು ಹೊರಗೆ ಕಾಣುವ 1/10 ಫಾರ್ಮುಲಾ ಕಾರು ಇವೆ. ಎಲ್ಲಕ್ಕಿಂತ ಚಿಕ್ಕದು ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಹೊರತಂದ ಮಿನಿ-ಜ಼ಡ್. ಅಳತೆಯಲ್ಲಿ 1/28ರ ಆಸುಪಾಸಿನ ಈ ಕಾರಿನಲ್ಲೂ ಮೋಟಾರು ಹೊತ್ತ ಪಾಡ್ ಒಂದು ತೆಳು ಬಾಗುವ ಪಟ್ಟಿಯ ಮೇಲೆ ವಾಲುತ್ತದೆ, ಆದ್ದರಿಂದ ಇಲ್ಲಿ ಹೇಳುವ ತತ್ತ್ವಗಳಲ್ಲಿ ಅನೇಕವು ಅದಕ್ಕೂ ಅನ್ವಯಿಸುತ್ತವೆ. ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ನನ್ನ ಸಲಹೆ ಮಿನಿ-ಜ಼ಡ್ ಕಡೆಗೇ ವಾಲುತ್ತದೆ. ಫೋಮ್ ಟೈರಿನ 1/12 ಕಾರಿಗೆ ದೂಳಿಲ್ಲದ, ಮಟ್ಟಸವಾದ ವಿಶಾಲ ಕಾರ್ಪೆಟ್ ಬೇಕು. ನಮ್ಮ ಸಿಮೆಂಟು ನೆಲದ ದೂಳನ್ನು ಫೋಮ್ ಒಂದೇ ಸುತ್ತಿನಲ್ಲಿ ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ, ಡಾಂಬರಿನ ಮೇಲಂತೂ ಬೇಗ ಸವೆಯುತ್ತದೆ. ಮಿನಿ-ಜ಼ಡ್‌ಗೆ ಬೇಕಾದ ಹಾದಿಯನ್ನಾದರೆ ಜೋಡಿಸುವ ಫೋಮ್ ಬಿಲ್ಲೆಗಳಿಂದ ಮನೆಯ ನಡುಮನೆಯಲ್ಲೇ ಹಾಸಬಹುದು.

ಈ ಲೇಖನದ ಮುಂದಿನ ಭಾಗವನ್ನು 1/12 ವರ್ಗಕ್ಕೆ ಸೀಮಿತಗೊಳಿಸುತ್ತೇನೆ, ಏಕೆಂದರೆ ಪ್ಯಾನ್ ಕಾರಿನ ಗುಣದೋಷಗಳು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ. ಅದರ ನಿಯಮಗಳ ಚೌಕಟ್ಟು ಹೀಗಿದೆ: ಅಗಲ 172 ಮಿಲಿಮೀಟರು ಮೀರಬಾರದು, ಓಟಕ್ಕೆ ಸಿದ್ಧವಾದ ಕಾರಿನ ತೂಕ 730 ಗ್ರಾಮಿಗಿಂತ ಕಡಿಮೆ ಇರಬಾರದು, ಬ್ಯಾಟರಿ ಒಂದೇ ಕೋಶದ ಲಿಥಿಯಂ ಪಾಲಿಮರ್, ಓಟ 8 ನಿಮಿಷದ್ದು. ಮೋಟಾರಿನ ಮೇಲೆ ವರ್ಗಗಳು ಬೇರೆಯಾಗುತ್ತವೆ. 17.5 ಅಥವಾ 13.5 ಸುತ್ತಿನ ಬ್ರಷ್‌ಲೆಸ್ ಮೋಟಾರು ಸ್ಟಾಕ್ ವರ್ಗಕ್ಕೆ, ಅದಕ್ಕಿಂತ ಬಹಳ ಕಡಿಮೆ ಸುತ್ತಿನದು ಮಾಡಿಫೈಡ್ ವರ್ಗಕ್ಕೆ. ತಂತಿಯ ಸುತ್ತು ಕಡಿಮೆಯಾದಷ್ಟೂ ಮೋಟಾರಿನ ಶಕ್ತಿ ಹೆಚ್ಚು. ಸ್ಟಾಕ್ ವರ್ಗದಲ್ಲಿ ವೇಗ ನಿಯಂತ್ರಕವು ಮೋಟಾರಿಗೆ ಹೆಚ್ಚುವರಿ ಟೈಮಿಂಗ್ (ವಿದ್ಯುತ್ತನ್ನು ತುಸು ಮುಂಚಿತವಾಗಿ ಹರಿಸಿ ವೇಗ ಹೆಚ್ಚಿಸುವ ತಂತ್ರ) ಕೊಡದಂತೆ ನಿರ್ಬಂಧ ಇರುತ್ತದೆ, ಆ ಸ್ಥಿತಿಯಲ್ಲಿದೆ ಎಂಬುದನ್ನು ಅದರ ದೀಪ ಮಿಣುಕಿ ತೋರಿಸುತ್ತದೆ. ಹೊಸಬರು 17.5ರಿಂದಲೇ ಆರಂಭಿಸಬೇಕು. ಅದು ನಿಧಾನದ ವರ್ಗವೆಂದು ಯಾರಾದರೂ ಹೇಳಿದರೆ ನಂಬಬೇಡಿ. 730 ಗ್ರಾಮಿನ ಕಾರಿಗೆ ಆ ಮೋಟಾರು ಧಾರಾಳ.

ಇನ್ನು ಯಾವ ಕಂಪನಿಯ ಕಾರು? ಸ್ಲೊವಾಕಿಯಾದ ಎಕ್ಸ್‌ರೇ, ಇಂಗ್ಲೆಂಡಿನ ಶೂಮಾಕರ್, ಅಮೆರಿಕದ ಸಿಆರ್‌ಸಿ, ಹಾಂಗ್‌ಕಾಂಗಿನ ರೋಚ್ ಇವೆಲ್ಲ ಈ ವರ್ಗದಲ್ಲಿ ಗೆದ್ದು ತೋರಿಸಿದ ತಯಾರಕರು. ಅವುಗಳ ನಡುವಿನ ವ್ಯತ್ಯಾಸ ಹೊಸಬರ ಕೈಯಲ್ಲಿ ಗಡಿಯಾರಕ್ಕೆ ಕಾಣುವಷ್ಟು ದೊಡ್ಡದಲ್ಲ. ನಿಮ್ಮ ಕ್ಲಬ್ಬಿನಲ್ಲಿ ಹೆಚ್ಚು ಜನ ಓಡಿಸುವ ಕಾರನ್ನೇ ಕೊಳ್ಳಿ. ಮುಂಬದಿಯ ತೋಳು ಗೋಡೆಗೆ ಬಡಿದು ಮುರಿದ ರಾತ್ರಿ, ಪಕ್ಕದ ಮೇಜಿನವರ ಪೆಟ್ಟಿಗೆಯಲ್ಲಿ ಆ ತೋಳು ಇದ್ದರೆ ನಿಮ್ಮ ಓಟ ಮುಂದುವರಿಯುತ್ತದೆ, ಇಲ್ಲದಿದ್ದರೆ ಮನೆಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರ ಹದದ ಅಂಕಿಗಳನ್ನು ನೀವು ಹಾಗೆಯೇ ಎರವಲು ಪಡೆಯಬಹುದು.

ಹಳೆಯ ಕಾರನ್ನು ಕೊಳ್ಳುವುದು ಈ ವರ್ಗದಲ್ಲಿ ಒಳ್ಳೆಯ ದಾರಿ, ಏಕೆಂದರೆ ಸವೆಯುವ ಭಾಗಗಳು ಕಡಿಮೆ. ನೋಡಬೇಕಾದ್ದನ್ನು ನೋಡಿಕೊಂಡು ಕೊಳ್ಳಬೇಕು, ಅಷ್ಟೆ. ಬರಿಯ ಚಾಸಿಸ್ ಹಾಳೆಯನ್ನು ದಪ್ಪ ಗಾಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಒತ್ತಿ ನೋಡಿ. ಯಾವುದಾದರೂ ಮೂಲೆ ಟಕ್ ಎಂದು ಅಲುಗಿದರೆ ಹಾಳೆ ತಿರುಚಿದೆ, ಅದನ್ನು ಬಿಟ್ಟುಬಿಡಿ. ಅಂಚಿನಲ್ಲಿ ಕಾರ್ಬನ್ನಿನ ಪದರ ಬಿಟ್ಟಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಅಚ್ಚನ್ನು ಅದೇ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟಗಾಗಿದ್ದು ತಿಳಿಯುತ್ತದೆ. ಹಳೆಯ ವಿನ್ಯಾಸಗಳಲ್ಲಿ ಪಾಡನ್ನು ಫೈಬರ್‌ಗ್ಲಾಸಿನ ಟಿ ಆಕಾರದ ಪಟ್ಟಿ ಹಿಡಿದಿರುತ್ತದೆ. ಈಗಿನವುಗಳಲ್ಲಿ ನಡುವೆ ಒಂದು ಕೀಲು, ಎರಡೂ ಬದಿಗೆ ಒಂದೊಂದು ಸಣ್ಣ ಕೊಂಡಿ ಇರುತ್ತವೆ. ಟಿ ಪಟ್ಟಿಯ ಕಾರು ಕಲಿಯಲು ಕೆಟ್ಟದ್ದಲ್ಲ, ಆದರೆ ಪಟ್ಟಿ ತಾನೇ ಸ್ಪ್ರಿಂಗೂ ಆಗಿರುವುದರಿಂದ ಪ್ರತಿ ಅಪಘಾತದ ನಂತರವೂ ಅದರ ನೇರವನ್ನು ಅನುಮಾನಿಸಬೇಕಾಗುತ್ತದೆ. ಕೈಯಲ್ಲಿರುವ ಹಣ ಅನುಮತಿಸಿದರೆ ಕೊಂಡಿಗಳ ವಿನ್ಯಾಸದ ಕಾರನ್ನೇ ಆರಿಸಿ.

ವಿದ್ಯುತ್ ಭಾಗದ ಬಗ್ಗೆ ಒಂದೇ ಎಚ್ಚರಿಕೆ. ಒಂದು ಕೋಶದ ಬ್ಯಾಟರಿಯ ಹೆಸರಿನ ವೋಲ್ಟೇಜು 3.7, ಪೂರ್ತಿ ತುಂಬಿದಾಗ 4.2. ರೇಡಿಯೋ ಸಂಕೇತ ಹಿಡಿಯುವ ರಿಸೀವರಿಗೂ ಸರ್ವೋಗೂ ಇದು ಸಾಲದು. ಆದ್ದರಿಂದ ಒಂದು ಕೋಶಕ್ಕೆಂದೇ ಮಾಡಿದ, ಒಳಗೆ ವೋಲ್ಟೇಜು ಏರಿಸುವ ಬೂಸ್ಟರ್ ಇರುವ ವೇಗ ನಿಯಂತ್ರಕವನ್ನು ಕೊಳ್ಳಬೇಕು, ಇಲ್ಲವೇ ಬೂಸ್ಟರನ್ನು ಪ್ರತ್ಯೇಕವಾಗಿ ಜೋಡಿಸಬೇಕು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ತಂತಿ ಬೆಸುಗೆ ಹಾಕುವಾಗ ನೆನಪಿಡಬೇಕು. ಸಿಪ್ಪೆ ಸುಲಿದ ತಂತಿ ಹಾಳೆಗೆ ತಾಗಿದರೆ ಶಾರ್ಟ್ ಆಗುವುದು ಖಚಿತ. ಹೊಸ ಹಾಳೆಯ ಅಂಚನ್ನು ಉಜ್ಜಿ ತೆಳುವಾಗಿ ಸೂಪರ್‌ಗ್ಲೂ ಸವರುವುದು ರೂಢಿ; ಉಜ್ಜುವಾಗ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಈಗ ಟೈರು. ರಬ್ಬರಿನ ಸ್ಪಂಜಿನಂಥ ಫೋಮನ್ನು ಚಕ್ರಕ್ಕೆ ಅಂಟಿಸಿ, ಸುತ್ತಲೂ ಕೆತ್ತಿ ಇದನ್ನು ಮಾಡಿರುತ್ತಾರೆ. ಫೋಮಿನ ಗಡಸುತನವನ್ನು ಕೆಲವು ತಯಾರಕರು ಶೋರ್ ಅಂಕಿಯಿಂದ ಗುರುತಿಸಿದರೆ, ಕೆಲವರು ಪಿಂಕ್, ಮಜೆಂಟಾ, ಲೈಲಾಕ್ ಎಂದು ಬಣ್ಣದ ಹೆಸರಿಡುತ್ತಾರೆ. ಸಾಮಾನ್ಯವಾಗಿ ಮುಂದಿನ ಟೈರು ಹಿಂದಿನದಕ್ಕಿಂತ ಗಡಸು. ಮೋಟಾರಿನ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವ ಕಾರಿನಲ್ಲಿ ಹಿಂದಿನ ಹಿಡಿತ ಮೇಲುಗೈ ಪಡೆದಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ವೇಗ ಕೊಟ್ಟ ಕೂಡಲೇ ಕಾರು ಬಾಲ ಬೀಸಿ ಹಿಂದುಮುಂದಾಗಿ ನಿಲ್ಲುತ್ತದೆ. ಯಾವ ಗಡಸುತನ ಬೇಕೆಂಬುದನ್ನು ಪುಸ್ತಕ ಹೇಳಲಾರದು, ಆ ಕಾರ್ಪೆಟ್ ಹೇಳುತ್ತದೆ. ಆದ್ದರಿಂದ ಮೊದಲ ದಿನ ಹೋದಾಗ ಕ್ಲಬ್ಬಿನ ವೇಗದ ಮೂವರನ್ನು ಕೇಳಿ. ಮೂವರೂ ಒಂದೇ ಜೋಡಿಯ ಹೆಸರು ಹೇಳುವ ಸಂಭವವೇ ಹೆಚ್ಚು. ಅದನ್ನೇ ಕೊಂಡು, ಮೂರು ತಿಂಗಳು ಬದಲಿಸದೆ ಓಡಿಸಿ.

ಅಂಗಡಿಯಿಂದ ಬಂದ ಫೋಮ್ ಟೈರು ಬೇಕಾದ್ದಕ್ಕಿಂತ ದಪ್ಪವಾಗಿರುತ್ತದೆ. ಅದನ್ನು ಟೈರ್ ಟ್ರೂಯರ್ ಎಂಬ ಚಿಕ್ಕ ಕಡಸಲು ಯಂತ್ರಕ್ಕೆ ಹಾಕಿ ಅಳತೆಗೆ ಇಳಿಸಬೇಕು. ಹಿಂದಿನದು 41ರಿಂದ 42 ಮಿಲಿಮೀಟರು ವ್ಯಾಸ, ಮುಂದಿನದು ಅದಕ್ಕಿಂತ ಸುಮಾರು ಒಂದು ಮಿಲಿಮೀಟರು ಕಡಿಮೆ ಎಂಬುದು ಆರಂಭಕ್ಕೆ ಒಳ್ಳೆಯ ಲೆಕ್ಕ. ಹಿಡಿತ ಅತಿಯಾಗಿರುವ ಕಾರ್ಪೆಟ್ಟಿನಲ್ಲಿ ಇನ್ನೂ ಸಣ್ಣದಾಗಿಸುತ್ತಾರೆ, ಏಕೆಂದರೆ ದಪ್ಪ ಫೋಮ್ ತಿರುವಿನಲ್ಲಿ ಬದಿಗೆ ಮಡಚಿಕೊಂಡು ಕಾರನ್ನು ಪಲ್ಟಿ ಹೊಡೆಸುತ್ತದೆ. ಇದಕ್ಕೆ ಇನ್ನೊಂದು ಮದ್ದೂ ಇದೆ. ಮುಂದಿನ ಟೈರಿನ ಹೊರಬದಿಯ ಗೋಡೆಗೆ ಸೂಪರ್‌ಗ್ಲೂ ಹಚ್ಚಿ, ಅಂಚಿನ ಮೂಲೆಯನ್ನೂ ಒಂದೆರಡು ಮಿಲಿಮೀಟರಿನಷ್ಟು ಮುಚ್ಚಿ ಒಣಗಲು ಬಿಡುತ್ತಾರೆ. ಕಾರು ವಾಲಿದಾಗ ನೆಲಕ್ಕೆ ತಾಗುವುದು ಕಚ್ಚುವ ಫೋಮ್ ಅಲ್ಲ, ಜಾರುವ ಅಂಟಿನ ಪದರ. ಕಾರು ಮಗುಚುವ ಬದಲು ಜಾರುತ್ತದೆ. ಪ್ರತಿ ಓಟದ ನಂತರ ಆ ಪದರ ಎಲ್ಲಿ ಸೀಳಿದೆ ಎಂದು ನೋಡಿ ಮತ್ತೆ ಹಚ್ಚಬೇಕು.

ಓಟಕ್ಕೆ ಮುಂಚೆ ಟೈರಿಗೆ ಹಚ್ಚುವ ದ್ರವಕ್ಕೆ ಅಡಿಟಿವ್ ಎನ್ನುತ್ತಾರೆ. ಅದು ಫೋಮನ್ನು ಮೃದುಗೊಳಿಸಿ ಹಿಡಿತ ಕೊಡುತ್ತದೆ. ಛಾವಣಿಯ ಕೆಳಗೆ ಓಡಿಸುವ ಅನೇಕ ಕ್ಲಬ್ಬುಗಳು ವಾಸನೆಯಿಲ್ಲದವನ್ನು ಮಾತ್ರ ಒಪ್ಪುತ್ತವೆ. ಹಿಂದಿನ ಟೈರಿಗೆ ಪೂರ್ತಿ ಅಗಲಕ್ಕೆ ಹಚ್ಚಿ, ಮುಂದಿನದಕ್ಕೆ ಒಳಬದಿಯಿಂದ ಅರ್ಧದಷ್ಟು ಮಾತ್ರ ಹಚ್ಚುವುದು ವಾಡಿಕೆ. ಈ ಅರ್ಧವೆಂಬುದೇ ಪ್ಯಾನ್ ಕಾರಿನ ಅತ್ಯಂತ ಅಗ್ಗದ, ಅತ್ಯಂತ ಸೂಕ್ಷ್ಮವಾದ ಹೊಂದಿಕೆ. ಕಾರು ತಿರುವಿನಲ್ಲಿ ಮೂಗು ತಿರುಗಿಸದೆ ಹೊರಗೆ ಸರಿಯುತ್ತಿದ್ದರೆ ಹಚ್ಚುವ ಅಗಲವನ್ನು ನಾಲ್ಕು ಮಿಲಿಮೀಟರು ಹೆಚ್ಚಿಸಿ, ಓಟದ ನಡುವೆ ಬಾಲ ಬೀಸುತ್ತಿದ್ದರೆ ಅಷ್ಟನ್ನೇ ತಗ್ಗಿಸಿ. ಎಷ್ಟು ನಿಮಿಷ ನೆನೆಯಲು ಬಿಟ್ಟಿರಿ ಎಂಬುದೂ ಅಷ್ಟೇ ಮುಖ್ಯ. ಹತ್ತು ನಿಮಿಷ ನೆನೆದ ಟೈರೂ ಅರ್ಧ ಗಂಟೆ ನೆನೆದ ಟೈರೂ ಎರಡು ಬೇರೆ ಬೇರೆ ಟೈರುಗಳಂತೆ ನಡೆದುಕೊಳ್ಳುತ್ತವೆ. ಗಡಿಯಾರ ನೋಡದೆ ಹಚ್ಚುವವರು ತಮ್ಮ ಕಾರು ಪ್ರತಿ ಓಟದಲ್ಲೂ ಬೇರೆಯಾಗುತ್ತಿದೆ ಎಂದು ಸ್ಪ್ರಿಂಗನ್ನು ಬೈಯುತ್ತಿರುತ್ತಾರೆ.

ಎರಡನೆಯದು ಎಡಬಲದ ಸಮತೋಲ. ಇಂಗ್ಲಿಷ್ ಬಲ್ಲ ಓಟಗಾರರು ಅದರ ಕೊರತೆಗೆ ಟ್ವೀಕ್ ಎನ್ನುತ್ತಾರೆ. ನಾಲ್ಕು ಕಾಲಿನ ಮೇಜಿನಲ್ಲಿ ಒಂದು ಕಾಲು ಗಿಡ್ಡವಾದರೆ ಹೇಗೋ ಹಾಗೆ, ಮುಂದಿನ ಎರಡು ಚಕ್ರಗಳ ಮೇಲೆ ಬೀಳುವ ಭಾರ ಒಂದೇ ಇಲ್ಲದಿದ್ದರೆ ಕಾರು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುತ್ತದೆ. ಪರೀಕ್ಷೆ ಸುಲಭ. ಓಟಕ್ಕೆ ಸಿದ್ಧವಾದ ಕಾರನ್ನು ಮಟ್ಟಸವಾದ ಗಾಜಿನ ಮೇಲಿಟ್ಟು, ಪಾಡನ್ನು ಎರಡು ಮೂರು ಬಾರಿ ಮೆಲ್ಲಗೆ ಒತ್ತಿ ಬಿಟ್ಟು, ಚಾಸಿಸ್ಸಿನ ಮುಂಭಾಗದ ನಟ್ಟನಡುವೆ ಚಾಕುವಿನ ತುದಿಯನ್ನು ತೂರಿಸಿ ನಿಧಾನವಾಗಿ ಎತ್ತಿ. ಎರಡು ಚಕ್ರಗಳೂ ಒಂದೇ ಗಳಿಗೆಯಲ್ಲಿ ಗಾಜನ್ನು ಬಿಡಬೇಕು. ಎಡಚಕ್ರ ಮೊದಲು ಎದ್ದರೆ ಅದರ ಮೇಲೆ ಭಾರ ಕಡಿಮೆ ಎಂದರ್ಥ. ಪಾಡಿನ ಎರಡೂ ಬದಿಯಲ್ಲಿರುವ ಸ್ಪ್ರಿಂಗುಗಳ ತಿರುಪನ್ನು ಕಾಲು ಸುತ್ತಿನಷ್ಟು, ಒಂದು ಬದಿ ಬಿಗಿದಷ್ಟೇ ಇನ್ನೊಂದು ಬದಿ ಸಡಿಲಿಸುತ್ತ, ಎರಡೂ ಒಟ್ಟಿಗೆ ಏಳುವವರೆಗೆ ಹೊಂದಿಸಬೇಕು. ಇದಕ್ಕೆಂದೇ ರಸಮಟ್ಟ ಹುದುಗಿಸಿದ ಹಲಗೆಗಳು ಮಾರುಕಟ್ಟೆಯಲ್ಲಿವೆ. ಚಾಕುವಿನ ತುದಿಯೂ ಸಾಕಾಗುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಚಳಿಗಾಲವಿಡೀ ನನ್ನ ಕಾರು ಬಲಕ್ಕೆ ಸೊಗಸಾಗಿ ತಿರುಗಿ, ಎಡಕ್ಕೆ ತಿರುಗುವಾಗ ಹಠ ಹಿಡಿಯುತ್ತಿತ್ತು. ಮೇಜಿನ ಮೇಲೆ ಪರೀಕ್ಷಿಸಿದರೆ ಟ್ವೀಕ್ ಇರಲಿಲ್ಲ. ಸ್ಪ್ರಿಂಗು, ಎಣ್ಣೆ, ಸರ್ವೋ ಎಲ್ಲವನ್ನೂ ಬದಲಿಸಿ ಸೋತ ಮೇಲೆ, ಕ್ಲಬ್ಬಿನ ಹಿರಿಯರೊಬ್ಬರು ನನ್ನ ಕಾರನ್ನು ಕೈಗೆತ್ತಿಕೊಂಡು ಬ್ಯಾಟರಿಯ ಟೇಪನ್ನು ಬೆರಳಿನಿಂದ ಮೀಟಿದರು. ತಂಬೂರಿಯ ತಂತಿಯಷ್ಟು ಬಿಗಿಯಾಗಿತ್ತು. ನಾನು ಮೇಜಿನ ಮೇಲೆ ಬ್ಯಾಟರಿಯನ್ನು ಸಡಿಲವಾಗಿ ಇಟ್ಟು ಪರೀಕ್ಷಿಸುತ್ತಿದ್ದೆ, ಓಟಕ್ಕೆ ಮುಂಚೆ ಜಾರದಿರಲೆಂದು ಟೇಪನ್ನು ಒಂದೇ ಬದಿಗೆ ಎಳೆದು ಬಿಗಿಯುತ್ತಿದ್ದೆ, ಎರಡು ಮಿಲಿಮೀಟರು ದಪ್ಪದ ಹಾಳೆ ಆ ಎಳೆತಕ್ಕೆ ತಿರುಚಿಕೊಳ್ಳುತ್ತಿತ್ತು. ಅಂದಿನಿಂದ ಟೇಪು ಹಾಕಿದ ಮೇಲೆಯೇ ಪರೀಕ್ಷೆ. ಕವಚವೂ ಹಾಗೆಯೇ: ಕವಚದ ತೂತುಗಳು ಕಂಬಗಳಿಗೆ ಸಡಿಲವಾಗಿ ಕೂರಬೇಕು, ಎಲ್ಲೂ ಹಾಳೆಯನ್ನು ಎಳೆಯಬಾರದು.

ಮೂರನೆಯದು ಡಿಫರೆನ್ಷಿಯಲ್. ಸ್ಪರ್ ಗೇರಿನ ತೂತುಗಳಲ್ಲಿ ಕುಳಿತ ಹತ್ತು ಹನ್ನೆರಡು ಉಕ್ಕಿನ ಅಥವಾ ಸೆರಾಮಿಕ್ ಗುಂಡುಗಳನ್ನು ಎರಡು ನುಣುಪಾದ ಬಳೆಗಳು ಇಕ್ಕೆಲದಿಂದ ಒತ್ತಿ ಹಿಡಿದಿರುತ್ತವೆ. ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಹೋಗಬೇಕಲ್ಲ, ಆ ವ್ಯತ್ಯಾಸವನ್ನು ಗುಂಡುಗಳು ಉರುಳಿ ಸರಿದೂಗಿಸುತ್ತವೆ. ಹೊರಗಿನ ನಟ್ಟನ್ನು ಎಷ್ಟು ಬಿಗಿಯಬೇಕೆಂಬುದಕ್ಕೆ ಕೈಯೇ ಅಳತೆ. ಎರಡು ಹಿಂಚಕ್ರಗಳನ್ನೂ ಗಟ್ಟಿಯಾಗಿ ಹಿಡಿದು, ಹೆಬ್ಬೆರಳಿನಿಂದ ಸ್ಪರ್ ಗೇರನ್ನು ತಳ್ಳಿದರೆ ಅದು ಸುಲಭವಾಗಿ ಜಾರಬಾರದು. ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಬೆಣ್ಣೆಯಂತೆ ಹಿಂದಕ್ಕೆ ತಿರುಗಬೇಕು. ತಿರುಗಿಸುವಾಗ ಬೆರಳಿಗೆ ಮರಳು ಸಿಕ್ಕಂತೆ ತರತರ ಎನಿಸಿದರೆ ಬಿಚ್ಚಿ, ಬಳೆಗಳನ್ನೂ ಗುಂಡುಗಳನ್ನೂ ತೊಳೆದು, ಡಿಫ್ ಗ್ರೀಸನ್ನು ಲೇಪದಂತೆ ತೆಳುವಾಗಿ ಹಚ್ಚಿ ಮತ್ತೆ ಜೋಡಿಸಬೇಕು. ಬಳೆಯಲ್ಲಿ ಗುಂಡು ಓಡಿದ ಜಾಡು ಬಿದ್ದಿದ್ದರೆ ಅದನ್ನು ತಿರುವಿ ಹಾಕಿ. ಒರಟಾದ ಡಿಫ್ ತಿರುವಿನ ನಡುವೆ ಕಾರನ್ನು ನೇರಕ್ಕೆ ತಳ್ಳುತ್ತದೆ, ಆ ಲಕ್ಷಣವನ್ನು ಕಂಡು ಮುಂದಿನ ಟೈರನ್ನು ದೂರುವವರು ಬಹಳ.

ಇಷ್ಟು ಸರಿಯಾದ ಮೇಲೆಯೇ ಉಳಿದದ್ದು. ನೆಲದಿಂದ ಚಾಸಿಸ್ಸಿನ ಎತ್ತರ ಸಾಮಾನ್ಯವಾಗಿ 3ರಿಂದ 3.5 ಮಿಲಿಮೀಟರು, ಹಿಂದೆ ಅಚ್ಚಿನ ಬೇರಿಂಗು ಕೂರುವ ಅಂಕಿ ಕೊಟ್ಟ ಬಿಲ್ಲೆಗಳನ್ನು ಬದಲಿಸಿ, ಮುಂದೆ ವಾಷರುಗಳನ್ನು ಸೇರಿಸಿ ಅಥವಾ ತೆಗೆದು ಹೊಂದಿಸುತ್ತಾರೆ. ಟೈರಿನ ವ್ಯಾಸ ಒಂದು ಮಿಲಿಮೀಟರು ಸವೆದರೆ ಎತ್ತರ ಅರ್ಧ ಮಿಲಿಮೀಟರು ಇಳಿಯುತ್ತದೆ, ಆದ್ದರಿಂದ ಒಂದೇ ಸಂಜೆಯಲ್ಲಿ ಎರಡು ಮೂರು ಸಲ ಅಳೆಯಬೇಕಾಗುತ್ತದೆ. ಮುಂದಿನ ಸ್ಪ್ರಿಂಗು ಮೃದುವಾದರೆ ತಿರುವಿಗೆ ನುಗ್ಗುವ ಚುರುಕು ಹೆಚ್ಚುತ್ತದೆ, ಗಡಸಾದರೆ ಕಾರು ಶಾಂತವಾಗುತ್ತದೆ. ಕಿಂಗ್‌ಪಿನ್ನಿಗೆ ದಪ್ಪ ಸಿಲಿಕೋನ್ ಎಣ್ಣೆಯ ಒಂದು ಹನಿ ಹಚ್ಚುವುದು ಡ್ಯಾಂಪರಿನ ಕೆಲಸವನ್ನೇ ಮಾಡುತ್ತದೆ. ಅದು ದೂಳು ಹಿಡಿದು ಅಂಟಾದಾಗ ಚಕ್ರ ಮೇಲೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಪ್ರತಿ ಓಟದ ದಿನವೂ ಒರೆಸಿ ಹೊಸದಾಗಿ ಹಚ್ಚಿ. ಪಾಡಿನ ಬದಿಯ ಸ್ಪ್ರಿಂಗು ಮೃದುವಾದಷ್ಟೂ ಹಿಂಬದಿ ವಾಲಿ ಕಚ್ಚುತ್ತದೆ. ಹಾಳೆಗೂ ಪಾಡಿಗೂ ನಡುವೆ ಇರುವ ಶಾಕಿನ (ಎಣ್ಣೆ ತುಂಬಿದ ಡ್ಯಾಂಪರಿನ) ಸ್ಪ್ರಿಂಗು ಮೃದುವಾದರೆ ವೇಗ ಕೊಡುವಾಗ ಭಾರ ಹಿಂದಕ್ಕೆ ಸರಿದು ಚಕ್ರಗಳು ಸುಳ್ಳು ತಿರುಗುವುದು ಕಡಿಮೆಯಾಗುತ್ತದೆ.

ಬದಿಯ ಕೊಂಡಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾರಿನ ಜೊತೆ ಬರುವ ಕೈಪಿಡಿಗಳು ಇದನ್ನು ಹಾರಿಸಿಬಿಡುತ್ತವೆ. ಕೊಂಡಿಗಳು ನೆಲಕ್ಕೆ ಸಮಾನಾಂತರವಾಗಿದ್ದರೆ, ಕಾರು ವಾಲಿದಾಗ ಒಂದು ಬದಿಯದರ ತುದಿ ಮೇಲೇರಿದಷ್ಟೇ ಇನ್ನೊಂದರದು ಕೆಳಗಿಳಿದು, ಪಾಡ್ ನೇರವಾಗಿಯೇ ಉಳಿಯುತ್ತದೆ. ಅವು ಮೊದಲೇ ಓರೆಯಾಗಿದ್ದರೆ ಒಂದು ಕೊಂಡಿ ಮಟ್ಟಕ್ಕೆ ಬಂದು ತನ್ನ ಪೂರ್ತಿ ಉದ್ದವನ್ನು ಚಾಚುತ್ತದೆ, ಇನ್ನೊಂದು ಮತ್ತಷ್ಟು ಓರೆಯಾಗಿ ಗಿಡ್ಡವಾಗುತ್ತದೆ. ಆಗ ಇಡೀ ಪಾಡ್, ಅದರೊಂದಿಗೆ ಹಿಂದಿನ ಅಚ್ಚು, ತುಸುವೇ ತಿರುಗುತ್ತದೆ. ಹಿಂಚಕ್ರಗಳೇ ಸ್ಟೀರಿಂಗ್ ಮಾಡಿದಂತೆ. ಬೇಕೆಂದೇ ಇದನ್ನು ಬಳಸುವ ಅನುಭವಿಗಳಿದ್ದಾರೆ. ಹೊಸಬರು ವಾಷರುಗಳಿಂದ ಕೊಂಡಿಗಳನ್ನು ಮಟ್ಟಕ್ಕೆ ತಂದು ಅಲ್ಲಿಗೇ ಬಿಡುವುದು ಲೇಸು.

ಗೇರಿನ ಲೆಕ್ಕಕ್ಕೆ ಪ್ಯಾನ್ ಕಾರಿನವರು ರೋಲ್‌ಔಟ್ ಎಂಬ ಅಳತೆ ಬಳಸುತ್ತಾರೆ. ಮೋಟಾರು ಒಂದು ಸುತ್ತು ತಿರುಗಿದಾಗ ಕಾರು ನೆಲದ ಮೇಲೆ ಎಷ್ಟು ಮಿಲಿಮೀಟರು ಮುಂದೆ ಹೋಗುತ್ತದೆ ಎಂಬುದೇ ಅದು. ಹಿಂದಿನ ಟೈರಿನ ವ್ಯಾಸವನ್ನು 3.1416ರಿಂದ ಗುಣಿಸಿ, ಪಿನಿಯನ್ನಿನ ಹಲ್ಲುಗಳಿಂದ ಗುಣಿಸಿ, ಸ್ಪರ್ ಗೇರಿನ ಹಲ್ಲುಗಳಿಂದ ಭಾಗಿಸಿದರೆ ಸಿಗುತ್ತದೆ. ಉದಾಹರಣೆಗೆ 42 ಮಿಲಿಮೀಟರಿನ ಟೈರು, 45 ಹಲ್ಲಿನ ಪಿನಿಯನ್, 64 ಹಲ್ಲಿನ ಸ್ಪರ್ ಇದ್ದರೆ ರೋಲ್‌ಔಟ್ 92.8. ಎರಡು ಓಟಗಳ ನಂತರ ಟೈರು 41ಕ್ಕೆ ಇಳಿದರೆ ಅದು 90.6 ಆಗುತ್ತದೆ. ಪಿನಿಯನ್ನನ್ನು 46 ಹಲ್ಲಿನದಕ್ಕೆ ಬದಲಿಸಿದರೆ 92.6ಕ್ಕೆ ಮರಳುತ್ತದೆ. ಅಂದರೆ ಟೈರಿನ ಒಂದು ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ಹಲ್ಲು. ಕಾರು ನೇರ ದಾರಿಯಲ್ಲಿ ಸಪ್ಪೆಯಾಯಿತೆಂದು ಬ್ಯಾಟರಿಯನ್ನು ಶಂಕಿಸುವ ಮುನ್ನ ವರ್ನಿಯರ್ ಕ್ಯಾಲಿಪರ್ ಹಿಡಿದು ಟೈರನ್ನು ಅಳೆಯಬೇಕು. ರೋಲ್‌ಔಟ್ ಅತಿಯಾಗಿದೆಯೇ ಎಂಬುದನ್ನು ಮೋಟಾರಿನ ಬಿಸಿ ಹೇಳುತ್ತದೆ. ಅತಿ ಬಿಸಿಯಾದ ಮೋಟಾರಿನ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ, ಆ ನಷ್ಟ ತಣ್ಣಗಾದ ಮೇಲೂ ಮರಳುವುದಿಲ್ಲ.

ಓಟದ ದಿನ ಇವೆಲ್ಲ ಕೂಡಿಬರುವುದು 8 ನಿಮಿಷಗಳ ಲೆಕ್ಕದಲ್ಲಿ. ಒಂದು ಸುತ್ತಿಗೆ 12 ಸೆಕೆಂಡು ಹಿಡಿಯುವ ಹಾದಿಯಲ್ಲಿ ತಪ್ಪಿಲ್ಲದೆ ಓಡಿದರೆ 40 ಸುತ್ತು. ಒಂದು ಪಲ್ಟಿಗೆ, ಯಾರಾದರೂ ಓಡಿಬಂದು ಕಾರನ್ನು ಎತ್ತಿ ನಿಲ್ಲಿಸುವವರೆಗೆ ಆರು ಸೆಕೆಂಡು ಹೋದರೂ ಅರ್ಧ ಸುತ್ತು ಹೋಯಿತು. ಆ ಆರು ಸೆಕೆಂಡನ್ನು ವೇಗದಿಂದ ಮರಳಿ ಗಳಿಸಬೇಕಾದರೆ ಉಳಿದ ಪ್ರತಿ ಸುತ್ತಿನಲ್ಲೂ ಕನಿಷ್ಠ 0.15 ಸೆಕೆಂಡಿನಷ್ಟು ಕಿತ್ತುಕೊಳ್ಳಬೇಕು. ಸ್ಪ್ರಿಂಗು ಬದಲಿಸಿ ಅಷ್ಟನ್ನು ಯಾರೂ ಗಳಿಸಿದ್ದನ್ನು ನಾನು ಕಂಡಿಲ್ಲ. ಹೀಗಾಗಿ ಹೊಸಬರ ಹದ ತುಸು ಮಂದವಾಗಿಯೇ ಇರಲಿ. ಹಿಂದಿನ ಹಿಡಿತ ಹೆಚ್ಚು, ಮುಂದಿನ ಅಡಿಟಿವ್ ಕಡಿಮೆ, ಟ್ರಾನ್ಸ್‌ಮಿಟರಿನಲ್ಲಿ ಸ್ಟೀರಿಂಗಿನ ಪಾಲು ತಿರುವಿಗೆ ಬೇಕಾದಷ್ಟೇ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಟೈರಿನ ಹೆಸರು, ನಾಲ್ಕೂ ವ್ಯಾಸ, ಅಡಿಟಿವ್ ಹಚ್ಚಿದ ಅಗಲ ಮತ್ತು ನಿಮಿಷ, ಪಿನಿಯನ್, ಎತ್ತರ, ಸಿಕ್ಕ ಸುತ್ತುಗಳು.

ಓಟ ಮುಗಿದ ಕೂಡಲೇ ಅದನ್ನು ಬರೆಯುವ ಪುರುಸೊತ್ತು ಸಿಗುವುದಿಲ್ಲ, ಏಕೆಂದರೆ ಕ್ಲಬ್ಬುಗಳ ರೂಢಿಯಂತೆ ಈಗಷ್ಟೇ ಓಡಿಸಿದವರೇ ಮುಂದಿನ ಓಟಕ್ಕೆ ತಿರುವುಗಳಲ್ಲಿ ನಿಂತು ಮಗುಚಿದ ಕಾರುಗಳನ್ನು ಎತ್ತಬೇಕು. ಆ ಹೊತ್ತನ್ನು ನಾನು ಬಹಳ ಇಷ್ಟಪಡುತ್ತೇನೆ. ಓಡಿಸುವವರ ಕಟ್ಟೆಯ ಮೇಲಿಂದ ಕಾಣದ್ದು ಅಲ್ಲಿ ಮೊಣಕಾಲಿನ ಎತ್ತರದಿಂದ ಕಾಣುತ್ತದೆ: ವೇಗದವರ ಕಾರಿನ ಒಳಬದಿಯ ಮುಂಚಕ್ರ ತಿರುವಿನಲ್ಲಿ ನೆಲ ಬಿಡದೆ ಇರುವುದು, ಅವರು ಗಾಲಿ ತಿರುಗಿಸುವ ಮುನ್ನವೇ ವೇಗ ಬಿಟ್ಟಿರುವುದು, ಹಿಂದಿನ ಟೈರಿನ ಮೇಲೆ ಅಡಿಟಿವ್ ಇನ್ನೂ ತೇವವಾಗಿ ಹೊಳೆಯುತ್ತಿರುವುದು.